ಫೋಟೋದಲ್ಲಿ ಕಟ್ಟಿದ ತಾಳಿ

"ಈ ತಾಳಿ ಯಾರು ಕಟ್ಟಿದ್ರು?"

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಸ್ಟುಡಿಯೋದ ಗಾಜಿನ ಟೇಬಲ್ ಮೇಲೆ ನೀಲಾ ದೊಡ್ಡದೊಂದು ಫೋಟೋ ತಂದು ಬಡಿದಳು. ಪಾಸ್‌ಪೋರ್ಟ್ ಫೋಟೋಕ್ಕೆಂದು ತಲೆ ಬಾಚಿಕೊಳ್ಳುತ್ತಿದ್ದ ಗಿರಾಕಿಯ ಕೈಯಿಂದ ಬಾಚಣಿಕೆ ಕೆಳಗೆ ಬಿತ್ತು.

ಕಂಪ್ಯೂಟರ್ ಮುಂದೆ ಕುಳಿತಿದ್ದ ದುರ್ಗೇಶ ತಲೆ ಎತ್ತಿದ. ಎದುರಿಗೆ ಧೂಳು ಮೆತ್ತಿದ ಜೀನ್ಸು, ಹೆಗಲಿಗೆ ಕ್ಯಾಮೆರಾ ಬ್ಯಾಗು, ಅತ್ತು ಕೆಂಪಾದ ಕಣ್ಣು... ಆ ಕಣ್ಣಿನಲ್ಲಿ ಈಗ ನೀರಿರಲಿಲ್ಲ. ಬರೀ ಸಿಟ್ಟು!

"ನಾನ ಕಟ್ಟೀನ್ರಿ," ಎಂದ ಅವನು, ಏನೂ ಆಗದವನಂತೆ. "ಯಾಕ್ರಿ, ಚಲೋ ಬಂದಿಲ್ಲೇನು?"

ನೀವೇ ಹೇಳಿ, ಇಂಥ ಉತ್ತರಕ್ಕೆ ಯಾರಿಗೆ ಮೈ ಉರಿಯುವುದಿಲ್ಲ?

"ಚಲೋ ಬಂದಿಲ್ಲೇನು ಅಂತ ಕೇಳ್ತೀರಿ? ನಾಚಿಕಿ ಆಗೂದಿಲ್ಲೇನ್ರಿ ನಿಮಗ?"

"ಅಲ್ರೀ, ಆ ಅಕ್ಕಾರ ಕೊಳ್ಳಾಗ ತಾಳಿ ಕಾಣವಲ್ದಾಗಿತ್ತು. ಕುಪ್ಪಸದೊಳಗ ಹೋಗಿರಬೇಕು ಅಂತ ತಿಳದು ನಾನ ಒಂದು ಹಾಕಿದ್ನಿ. ಕುತಿಗಿ ಮ್ಯಾಲ ಒಂದು ಗಾಯದ ಗುರುತಿತ್ತು, ಅದನ್ನೂ ಅಳಿಸೀನಿ. ಎಲ್ಲಾ ಗಿರಾಕಿಗೂ ಹಿಂಗ ಮಾಡಿ ಕೊಡ್ತೀನ್ರಿ. ಇಲ್ಲೀತನ ಯಾರೂ ಬೈದಿಲ್ಲ."

"ಆಕಿ ಕೊಳ್ಳಾಗ ತಾಳೀನ ಇಲ್ಲ!"

ಗಿರಾಕಿ ಬಾಚಣಿಕೆ ಎತ್ತಿಕೊಂಡು ಮೆಲ್ಲಗೆ ಹೊರಗೆ ಜಾರಿದ.

ನೀಲಾ ನರೇಗಲ್ಲಿನ ಕಾಳುಕಡಿ ವ್ಯಾಪಾರಿ ಪ್ರಭುಲಿಂಗಪ್ಪನವರ ಒಬ್ಬಳೇ ಮಗಳು. ಗದಗಿನ ಚಿತ್ರಕಲಾ ಕಾಲೇಜಿನಲ್ಲಿ ಕೊನೆಯ ವರ್ಷ. ಈ ಸಲ 'ಮನುಷ್ಯರ ಲೈಂಗಿಕತೆ' ಅಂತ ಹೊಸ ವಿಷಯ ಬಂದಿತ್ತು. ಪ್ರತಿಯೊಬ್ಬರೂ ಅದರ ಮೇಲೆ ಒಂದು ಕಲಾ ಪ್ರಾಜೆಕ್ಟ್ ಮಾಡಬೇಕು. ಉಳಿದ ಹುಡುಗರು ಮುಸಿಮುಸಿ ನಗುತ್ತ ಇಂಟರ್‌ನೆಟ್ಟಿನಿಂದ ನಾಲ್ಕು ಚಿತ್ರ ಇಳಿಸಿ ಅಂಟಿಸಿದರು. ನೀಲಾ ಮಾತ್ರ ಕ್ಯಾಮೆರಾ ಹಿಡಿದು ರೋಣ ಸೀಮೆಯ ಹಳ್ಳಿಗಳಿಗೆ ಹೊರಟಳು.

ಯಾರೂ ನೋಡದಿದ್ದಾಗ ಜೋಡಿಗಳು ಹೇಗೆ ಹತ್ತಿರ ಕೂರುತ್ತಾರೆ? ಕೈ ಎಲ್ಲಿ ಹೋಗುತ್ತದೆ? ಕಣ್ಣು ಎಲ್ಲಿ ನಿಲ್ಲುತ್ತದೆ? ಅದನ್ನು ಅವರ ಒಪ್ಪಿಗೆ ಪಡೆದು ತೆಗೆಯಬೇಕು ಎಂಬುದು ಅವಳ ಹಟ. ಪ್ರಾಜೆಕ್ಟಿಗೆ 'ಸಲಿಗೆ' ಅಂತ ಹೆಸರಿಟ್ಟಳು. ಅರ್ಧ ಊರು ಅವಳ ಮುಖದ ಮೇಲೆ ಬಾಗಿಲು ಹಾಕಿತು. ಅಬ್ಬಿಗೇರಿಯಲ್ಲಿ ಒಬ್ಬ ಮುದುಕಿ, "ಗಂಡ ಹೇಣ್ತಿ ಕೂಡಿ ಕುಂತಿದ್ದನ್ನ ತೆಗೀತೀಯಂತ, ನಿಮ್ಮನಿಯಾಗ ಹೇಳಿ ಬಂದೀಯೇನವಾ?" ಎಂದು ಕೇಳಿಯೇಬಿಟ್ಟಿದ್ದಳು.

ಮನೆಯಲ್ಲಿ ಹೇಳಿರಲಿಲ್ಲ. 'ಹಳ್ಳಿ ಜೀವನದ ಫೋಟೋ' ಅಂತಷ್ಟೇ ಹೇಳಿದ್ದಳು.

ಕಡೆಗೆ ಮುಶಿಗೇರಿಯಲ್ಲಿ ಸಿಕ್ಕವರು ಸಕ್ರವ್ವ ಮತ್ತು ಹುಚ್ಚಪ್ಪ. ಇಬ್ಬರಿಗೂ ಐವತ್ತರ ಆಸುಪಾಸು. ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದಾಗ ಕೂಡಿದವರು. ಹತ್ತು ವರ್ಷದಿಂದ ಒಂದೇ ಮನೆ, ಒಂದೇ ಒಲೆ... ಆದರೆ ಮದುವೆ ಇಲ್ಲ, ಎರಡನೇ ಸಂಬಂಧಕ್ಕೆ ಮಾಡುವ ಉಡಿಕಿ ಇಲ್ಲ, ತಾಳಿ ಇಲ್ಲ. ಸಕ್ರವ್ವನ ಮೊದಲ ಗಂಡ ಕುಡಿದು ಬಂದು ತಾಳಿ ಹಿಡಿದು ಎಳೆದಾಡುತ್ತಿದ್ದ. ಒಂದು ದಿನ ದಾರ ಕುತ್ತಿಗೆಯ ಮಾಂಸಕ್ಕೇ ಇಳಿದಿತ್ತು. ಅವತ್ತೇ ಅದನ್ನು ಹರಿದು ಅವನ ಮುಖಕ್ಕೆ ಎಸೆದು ಬಂದವಳು, ಇನ್ನು ಮೇಲೆ ಯಾವ ಗಂಡಸಿಗೂ ಕುತ್ತಿಗೆ ಕೊಡುವುದಿಲ್ಲ ಎಂದು ಆಣೆ ಮಾಡಿದ್ದಳು. ಅವನು ಆಮೇಲೆ ಕುಡಿದೇ ಸತ್ತ. ಹುಚ್ಚಪ್ಪ ಒಂದು ಸಲವೂ ತಾಳಿಯ ಮಾತು ಎತ್ತಲಿಲ್ಲ.

ನೀಲಾ ತೆಗೆದ ಫೋಟೋದಲ್ಲಿ ಹುಚ್ಚಪ್ಪ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದ. ಸೆರಗು ಜಾರಿತ್ತು. ಅವನ ತುಟಿ ಅವಳ ಕುತ್ತಿಗೆಯ ಆ ಗಾಯದ ಗುರುತಿನ ತುದಿಯ ಮೇಲಿತ್ತು. ಸಕ್ರವ್ವ ಕಣ್ಣು ಮುಚ್ಚಿಕೊಂಡಿದ್ದಳು.

ಅಂಥ ಫೋಟೋ!

ಈ ಭಾಗದಲ್ಲಿ ಅಷ್ಟು ದೊಡ್ಡ ಪ್ರಿಂಟ್ ಹಾಕುವ ಮಷಿನ್ ಇದ್ದದ್ದು ದುರ್ಗೇಶನ ಹತ್ತಿರ ಮಾತ್ರ. ಫೋನಿನಲ್ಲೇ ಮಾತಾಡಿ ಫೈಲು ಕಳಿಸಿದ್ದಳು. ಅವನು ಪ್ರಿಂಟ್ ತೆಗೆದು, ಲಕೋಟೆಗೆ ಟೇಪು ಸುತ್ತಿ, ಎಲ್ಲರೂ ಮಾಡುವಂತೆ ನರೇಗಲ್ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿದ್ದ. ನೀಲಾ ಅದನ್ನು ಬಿಚ್ಚಲಿಲ್ಲ. ಅವರ ಫೋಟೋ, ಮೊದಲು ಅವರೇ ನೋಡಲಿ ಎಂಬ ಪ್ರೀತಿ ಅವಳದು. ಹಾಗೇ ಒಯ್ದು ಸಕ್ರವ್ವನ ಕೈಗೆ ಕೊಟ್ಟಳು.

"ನೋಡಿದ ಕೂಡ್ಲೆ ಅಕ್ಕ ಏನು ಮಾಡಿದ್ಲು ಗೊತ್ತೈತೇನ್ರಿ?" ನೀಲಾಳ ದನಿ ಒಡೆಯಿತು. "ಬೆರಳಿಗೆ ಉಗುಳು ಹಚ್ಚಿ ತಾಳಿ ತಿಕ್ಕಿದ್ಲು. ಹೋಗ್ತೈತೇನೋ ಅಂತ ತಿಕ್ಕೇ ತಿಕ್ಕಿದ್ಲು. ಆಮ್ಯಾಲ, ಹನ್ನೆರಡು ವರ್ಷದ ಹಿಂದ ಹರದು ಒಗದಿದ್ನಿ ತಂಗಿ, ನೀ ಮತ್ತ ಕಟ್ಟಿಸಿದೆಲ್ಲಾ ಅಂದ್ಲು. ಫೋಟೋ ತಿರುಗಿ ನನ್ನ ಕೈಗೆ ತುರಕಿ, ಎಲ್ಲೂ ಹಾಕಬ್ಯಾಡ ಅಂತ ಹೇಳಿ ಬಾಗಿಲಾ ಹಾಕ್ಕೊಂಡ್ಲು!"

ದುರ್ಗೇಶ ಫೋಟೋವನ್ನೇ ನೋಡುತ್ತಿದ್ದ. ಅವನ ಮುಖದ ಬಣ್ಣ ಇಳಿದಿತ್ತು.

"ಆ ಗುರುತು... ತಾಳಿ ಎಳದ ಗುರುತೇನ್ರಿ?"

"ಹೌದು. ನೀವು ಅದನ್ನ ಅಳಿಸಿ, ಅದರ ಮ್ಯಾಲನ ತಾಳಿ ಕಟ್ಟೀರಿ."

ಅವನು ಎದ್ದು ಕಂಪ್ಯೂಟರ್ ಆರಿಸಿ, ಶಟರ್ ಎಳೆದು ಬೀಗ ಹಾಕಿದ.

"ನಡೀರಿ ಮುಶಿಗೇರಿಗೆ. ನಾನ ಕೈ ಮುಗದು ಹೇಳ್ತೀನಿ. ಬೈಕ್ ಐತಿ."

"ನಿಮ್ಮ ಬೈಕಿನ ಮ್ಯಾಲ ನಾನು? ನಿಮ್ಮ ಮುಖ ನೋಡಾಕ ಮನಸಿಲ್ಲ ನನಗ!"

ಅವಳು ಟಂಟಂ ರಿಕ್ಷಾ ಹತ್ತಿದಳು. ಅವನು ಹಿಂದೆಯೇ ಬೈಕಿನಲ್ಲಿ ಬಂದ. ಎಂಟು ಮಂದಿ ತುಂಬಿದ ಟಂಟಂನಲ್ಲಿ ಹಿಮ್ಮುಖವಾಗಿ ಕುಳಿತಿದ್ದರಿಂದ ನೀಲಾ ದಾರಿಯುದ್ದಕ್ಕೂ ಆ ಮುಖವನ್ನೇ ನೋಡಬೇಕಾಯಿತು. ಅದಕ್ಕೂ ಸಿಟ್ಟು ಬಂತು.

ಸಕ್ರವ್ವ ಅಂಗಳದಲ್ಲಿ ಕಡಲೆ ಗಿಡ ಬಡಿಯುತ್ತಿದ್ದಳು. ದುರ್ಗೇಶ ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿ ನಿಂತ.

"ತಪ್ಪು ನಂದು ಯಕ್ಕಾ. ನಾನ ಆ ತಾಳಿ ಹಾಕಿದ್ದು. ಈ ಅಕ್ಕಾರದು ಏನೂ ತಪ್ಪಿಲ್ಲ."

ಸಕ್ರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನೀಲಾಳ ಕಡೆ ತಿರುಗಿದಳು.

"ಈ ತಮ್ಮಗ ನನ್ನ ಕತಿ ಗೊತ್ತಿರ್ಲಿಲ್ಲ. ನಿನಗ ಗೊತ್ತಿತ್ತು. ನೀ ಬಿಚ್ಚಿ ನೋಡದ ತಂದು ಕೊಟ್ಟಿ."

"ಯಕ್ಕಾ, ಮೊದ್ಲ ನೀನ ನೋಡಬೇಕು ಅಂತ..."

"ಒಂದು ತಾಸು ನಿನ್ನ ಮುಂದ ಸೆರಗು ಜಾರಿಸಿ ಕುಂತಿದ್ನಿ. ನಮ್ಮವ್ವನ ಮುಂದೂ ಹಂಗ ಕುಂತಿಲ್ಲ ನಾ. ಒಂದು ಲಕೋಟಿ ಬಿಚ್ಚಿ ನೋಡಾಕ ಆಗಲಿಲ್ಲ ನಿನಗ? ಹೋಗು ತಂಗಿ. ಫೋಟೋ ಅಳಿಸಿಬಿಡು."

"ಹನ್ನೆರಡು ದಿನಕ್ಕ ಪ್ರದರ್ಶನ ಐತಿ ಯಕ್ಕಾ..."

"ಅದು ನಿನ್ನ ಚಿಂತಿ."

ಹುಚ್ಚಪ್ಪ ಬಾಗಿಲಲ್ಲಿ ನಿಂತಿದ್ದ. ಅವನೂ ಒಳಗೆ ಬನ್ನಿ ಎನ್ನಲಿಲ್ಲ.

ಊರ ಹೊರಗಿನ ರಸ್ತೆಯಲ್ಲಿ, ಕಪ್ಪು ಹೊಲಗಳ ನಡುವೆ ನಿಂತು ನೀಲಾ ಎಲ್ಲವನ್ನೂ ದುರ್ಗೇಶನ ಮೇಲೆ ಕಾರಿಕೊಂಡಳು. ಮೂರು ತಿಂಗಳ ಅಲೆದಾಟ, ಬಿಸಿಲು, ಜನರ ಬೈಗುಳ, ಎಲ್ಲ! ಅವನು ಬೈಕಿಗೆ ಒರಗಿ ಕೇಳಿಸಿಕೊಂಡ. ಒಂದು ಮಾತೂ ಎದುರಾಡಲಿಲ್ಲ. ಎದುರಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಯಾಕ್ರಿ? ಯಾಕ ಮಾಡಿದ್ರಿ ಹಂಗ? ಕೇಳಬೇಕು ಅಂತನೂ ಅನಸಲಿಲ್ಲೇನು?"

"ಕೂಲಿ ಮಾಡ್ತಿದ್ದ ನಮ್ಮಪ್ಪ ಸತ್ತಾಗ ಅಪ್ಪ ಅವ್ವ ಕೂಡಿದ್ದ ಒಂದು ಫೋಟೋನೂ ಇರ್ಲಿಲ್ರಿ," ಎಂದ ಅವನು. "ಆಗಿನ್ನ ಕೆಲಸ ಕಲಿಯಾಕತ್ತಿದ್ನಿ. ಅಪ್ಪನ ಆಧಾರ್ ಕಾರ್ಡಿನ ಫೋಟೋ, ಅವ್ವನ ರೇಷನ್ ಕಾರ್ಡಿನ ಫೋಟೋ ಜೋಡಿಸಿದ್ನಿ. ಅವ್ವನ ಕೊಳ್ಳಿಗೆ ನಾನ ತಾಳಿ ಬರದ್ನಿ. ಅವ್ವ ಅದನ್ನ ಎದಿಗಿ ಹಿಡಕೊಂಡು ಆರು ತಿಂಗಳಿಗೆ ಮೊದಲ ಸಲ ನಕ್ಕಳು. ಅವತ್ತಿಂದ ಯಾರ ಕೊಳ್ಳು ಖಾಲಿ ಕಂಡ್ರೂ ಕೈ ತಾನ ಹೋಗ್ತೈತ್ರಿ. ಪುಣ್ಯದ ಕೆಲಸ ಅಂತ ತಿಳಕೊಂಡಿದ್ನಿ... ಒಬ್ಬರಿಗೆ ನೆರಳಾಗಿದ್ದು ಇನ್ನೊಬ್ಬರಿಗೆ ಉರಲಾಗ್ತೈತಿ ಅಂತ ಗೊತ್ತಿರ್ಲಿಲ್ಲ."

ನೀಲಾಳಿಗೆ ಬೈಗುಳ ಮುಗಿದುಹೋದವು. ಇವನನ್ನು ಇನ್ನೂ ಒಂದು ತಾಸು ಬೈಯಬೇಕೆಂದಿದ್ದೆ, ಇವನು ಹೀಗೆ ಹೇಳಿದರೆ ನಾನೇನು ಮಾಡಲಿ?!

"ಉಳಿದ ಫೋಟೋ ಪ್ರಿಂಟ್ ಹಾಕೋ ಮುಂದ ನಾ ಬಾಜೂಕ ಕುಂದ್ರತೀನಿ," ಎಂದಳು ಗಡುಸಾಗಿ. "ಒಂದು ಚುಕ್ಕಿ ಬದಲಾದ್ರೂ ನಿಮ್ಮ ಕಂಪ್ಯೂಟರ್ ಒಡದು ಹಾಕ್ತೀನಿ."

"ಒಡೀರಿ."

"ನಗಬ್ಯಾಡ್ರಿ!"

"ನಕ್ಕಿಲ್ರಿ."

ನಕ್ಕಿದ್ದ. ಅವಳು ನೋಡಿದ್ದಳು.

ಆ ವಾರ ನರಗುಂದಕ್ಕೆ ಹೋಗುವಾಗ ಲೈಟು ಹಿಡಿಯಲು ಅವನೇ ಬಂದ. ಅಲ್ಲಿನ ಜಂಗ್ಲಿಸಾಬ ದರ್ಜಿ, ಈಗ ಕಣ್ಣು ಮಂಜಾಗಿದೆ. ಹೆಂಡತಿ ಕಾಶೀಂಬಿ ಅವನ ಗದ್ದ ಹಿಡಿದೆತ್ತಿ ಗಡ್ಡ ಕತ್ತರಿಸುತ್ತಾಳೆ. ಮೂವತ್ತು ವರ್ಷದ ಸಂಸಾರ. ಅವಳ ಮೊಣಕಾಲು ಅವನ ತೊಡೆಯ ಮೇಲೆ, ಅವನ ಕೈ ಅವಳ ಸೊಂಟದ ಮೇಲೆ. ನೀಲಾ ಉಸಿರು ಬಿಗಿಹಿಡಿದು ಕ್ಲಿಕ್ ಮಾಡುತ್ತಿದ್ದಳು. ದುರ್ಗೇಶ ಮಾತ್ರ ಲೈಟನ್ನು ಇತ್ತ ಹಿಡಿದು ಮುಖವನ್ನು ಗೋಡೆಗೆ ತಿರುಗಿಸಿದ್ದ.

"ಏ ತಮ್ಮಾ," ಕಾಶೀಂಬಿ ಕತ್ತರಿ ಆಡಿಸುತ್ತಲೇ ಕೇಳಿದಳು, "ಗ್ವಾಡಿಗೆ ಏನು ಬಡಕೊಂಡೈತಿ? ನಿನಗ ನಾಚಿಕಿ ಬಂದ್ರ ನಾವೇನು ಮಾಡೂಣು?"

ಜಂಗ್ಲಿಸಾಬ ಗಡ್ಡ ಕುಣಿಸಿ ನಕ್ಕ. ದುರ್ಗೇಶನ ಕಿವಿ ಕೆಂಪಾದವು. ನೀಲಾ ಆ ಕೆಂಪು ಕಿವಿಗಳನ್ನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಅವತ್ತು ವಾಪಸ್ ಬರುವಾಗ ಅವನ ಬೈಕಿನಲ್ಲೇ ಬಂದಳು. ಬಸ್ ತಪ್ಪಿತು ಎಂದಳು... ಬಸ್ ತಪ್ಪಿರಲಿಲ್ಲ.

ಆದರೆ ಸುಖ ಹೆಚ್ಚು ದಿನ ಉಳಿಯಲಿಲ್ಲ.

ಪ್ರದರ್ಶನಕ್ಕೆ ಇನ್ನು ನಾಲ್ಕೇ ದಿನ. ಬೆಳಗ್ಗೆ ನೀಲಾ ಚಹಾ ಕುಡಿಯುತ್ತಿದ್ದಾಗ ಪ್ರಭುಲಿಂಗಪ್ಪ ಪಡಸಾಲೆಯಲ್ಲಿ ಗುಡುಗಿದರು.

"ನೀಲಾ! ಬಾ ಇಲ್ಲಿ! ಮಂದಿ ತೆಕ್ಕಿ ಬಿದ್ದಿದ್ದನ್ನ ಫೋಟೋ ಹೊಡ್ಯಾಕ ಹೋಗ್ತೀಯಂತ? ಇದನ್ನೇನು ಕಲಸ್ತಾರ ನಿಮ್ಮ ಕಾಲೇಜಿನಾಗ?"

ನೀಲಾ ಬಟ್ಟಲು ಕೆಳಗಿಟ್ಟು ಬಂದಳು. "ಯಾರು ಹೇಳಿದ್ರು ಅಪ್ಪಾ?"

"ಗಜೇಂದ್ರಗಡದ ಸ್ಟುಡಿಯೋದಾಂವ! ನಿನ್ನಿ ಹೋಗಿದ್ನಿ. ಎದಿ ಉಬ್ಬಿಸಿ ಎಲ್ಲಾ ಹೇಳಿದ. ಆ ನರಗುಂದದ ಸಾಬರಂತ, ಮುಶಿಗೇರ್ಯಾಗ ಯಾರೋ ಮದಿವಿ ಇಲ್ಲದ ಇಟಗೊಂಡವರಂತ... ನನ್ನ ಮಗಳು ಇಂಥವರ ಮನಿ ಸುತ್ತತಾಳು, ಅದನ್ನ ನಾ ಹೊರಗಿನ ಹುಡುಗನ ಬಾಯಿಂದ ಕೇಳಬೇಕು!"

ಕ್ಯಾಮೆರಾ ತಿಜೋರಿ ಸೇರಿತು. ಬೀಗದ ಕೈ ಅವರ ಜೇಬು ಸೇರಿತು.

ನೀಲಾ ಹಿತ್ತಲಿಗೆ ಓಡಿ ಫೋನ್ ಮಾಡಿದಳು.

"ನಮ್ಮಪ್ಪಗ ನೀವು ಹೇಳಿದ್ರೇನು? ಹೌದೋ, ಅಲ್ಲೋ?"

"ಹೌದ್ರಿ, ಆದ್ರ ಅದು..."

"ಸಾಕು!"

ಅವನ ನಂಬರನ್ನು ಬ್ಲಾಕ್ ಮಾಡಿದಳು. ನಂಬಿದೆನಲ್ಲ... ಮತ್ತೆ ಮತ್ತೆ ಅದೇ ಮಾತು ಎದೆಗೆ ಬಡಿಯುತ್ತಿತ್ತು. ಕೇಳದೆ ತಾಳಿ ಕಟ್ಟಿದ, ಕೇಳದೆ ಬಾಯಿ ಬಿಟ್ಟ. ಇವನು ಬದಲಾಗುವ ಜಾತಿಯಲ್ಲ! ಸಿಟ್ಟಿನಲ್ಲಿ ಅತ್ತಳೋ, ಅಳುತ್ತಲೇ ಸಿಟ್ಟಾದಳೋ, ಅವಳಿಗೇ ತಿಳಿಯಲಿಲ್ಲ.

ಮಧ್ಯಾಹ್ನ ತಾಯಿ ಗೌರವ್ವ ರೊಟ್ಟಿ ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತಳು.

"ಆ ಹುಡುಗನ್ನ ಬೈಬ್ಯಾಡ ನೀಲಾ. ನಾನೂ ಕೂಡ ಇದ್ನಿ ಅಲ್ಲಿ."

"ನೀ ಯಾಕ ಹೋಗಿದ್ದಿ ಸ್ಟುಡಿಯೋಕ್ಕ?"

ಗೌರವ್ವ ಸೆರಗಿನ ಅಂಚು ಮಡಚುತ್ತ ಹೇಳಿದಳು. "ಹುಬ್ಬಳ್ಳಿ ಗಂಡಿನ ಕಡೆಯವರು ನಿನ್ನ ಫೋಟೋ ಕೇಳಿದ್ರು. ನಿನ್ನುವು ಎಲ್ಲಾ ಪ್ಯಾಂಟು ಅಂಗಿ ಫೋಟೋನ ಅದಾವಲ್ಲ... ನಿಮ್ಮಪ್ಪ ಒಂದು ಫೋಟೋ ಕೊಟ್ಟು, ಇದಕ್ಕ ಸೀರಿ ಉಡಿಸು, ಜರಾ ಬೆಳ್ಳಗ ಮಾಡು, ಹಣಿಗೆ ಕುಂಕುಮ ಇಡು ಅಂದ್ರು. ಆ ಹುಡುಗ ಫೋಟೋ ನೋಡಿದ ಕೂಡ್ಲೆ ಎದ್ದು ನಿಂತ. ಅವರನ್ನ ಕೇಳದ ನಾ ಇದರಾಗ ಒಂದು ಎಳಿ ಕೂದಲಾನೂ ಮುಟ್ಟಂಗಿಲ್ರಿ ಅಂದ. ನನ್ನ ಮಗಳ ಫೋಟೋಕ್ಕ ನೀ ಯಾವಾಂವ ಹೇಳಾಂವ ಅಂತ ನಿಮ್ಮಪ್ಪ ಏರಿ ಹೋದ್ರು. ಅದಕ್ಕ ಆ ಹುಡುಗ, ನಿಮ್ಮ ಮಗಳು ಎಂಥಾ ಕಲಾವಿದೆ ಗೊತ್ತೇನ್ರಿ ನಿಮಗ ಅಂತ ಹೇಳಿ, ನೀ ಮಾಡಿದ್ದೆಲ್ಲಾ ಒಂದೊಂದ ಹೇಳಿದ. ಹೇಳೋ ಮುಂದ ಅವನ ಕಣ್ಣಾಗ ನೀರಿತ್ತು. ನಮಗ ಗೊತ್ತಿಲ್ಲ ಅಂತ ಅವನಿಗೇನು ಗೊತ್ತು?"

ನೀಲಾ ತಟ್ಟೆ ಪಕ್ಕಕ್ಕಿಟ್ಟು ಎದ್ದಳು. ಈಗ ಸಿಟ್ಟಿಗೆ ಸರಿಯಾದ ಮನೆ ಸಿಕ್ಕಿತ್ತು.

"ಅಪ್ಪಾ!"

ಪ್ರಭುಲಿಂಗಪ್ಪ ಪೇಪರ್ ಕೆಳಗಿಳಿಸಿದರು.

"ನನ್ನ ಬಣ್ಣ ನಿಮಗ ಸಾಲಲಿಲ್ಲೇನು?"

"ಏನಂದಿ?"

"ಬೆಳ್ಳಗ ಮಾಡಾಕ ಕೊಟ್ಟಿದ್ರಂತಲ್ಲ. ಸೀರಿ ಉಡಿಸಾಕ. ಹುಬ್ಬಳ್ಳಿಯಾಂವ ಯಾರನ್ನ ಮದಿವಿ ಆಗ್ತಾನ, ನನ್ನೋ, ಆ ಫೋಟೋನೋ? ಮುಖ ನಂದು ಅಪ್ಪಾ. ನನ್ನ ಒಂದು ಮಾತು ಕೇಳಿದ್ರೇನು?"

"ನಾ ನಿಮ್ಮಪ್ಪ!"

"ಅದಕ್ಕ ಕೇಳಬೇಕಿತ್ತು! ನಾ ನಿಮಗ ಸುಳ್ಳು ಹೇಳಿದ್ದು ತಪ್ಪು. ಖರೇ ಹೇಳಿದ್ರ ಬಿಡಂಗಿಲ್ಲ ಅಂತ ಅಂಜಿದ್ನಿ. ಈಗ ಅಂಜಂಗಿಲ್ಲ. ನಾಲ್ಕು ದಿನಕ್ಕ ಗದಗಿನಾಗ ಪ್ರದರ್ಶನ ಐತಿ. ಬಂದು ನೋಡಿ, ಆಮ್ಯಾಲ ಬೈರಿ. ನೋಡದ ಬೈಬ್ಯಾಡ್ರಿ. ಬೀಗದ ಕೈ ಕೊಡ್ರಿ."

ಮಗಳು ಇಷ್ಟು ಎತ್ತರದ ದನಿಯಲ್ಲಿ ಮಾತಾಡಿದ್ದು ಪ್ರಭುಲಿಂಗಪ್ಪ ಯಾವತ್ತೂ ಕೇಳಿರಲಿಲ್ಲ. ಬೀಗದ ಕೈಯನ್ನು ಅವರು ಕೊಡಲಿಲ್ಲ. ಮೇಜಿನ ಮೇಲೆ ಒಗೆದರು.

ಮರುದಿನ ಬೆಳಗ್ಗೆ ನೀಲಾ ಸೀದಾ ಮುಶಿಗೇರಿ ಬಸ್ ಹತ್ತಿದಳು. ಸಕ್ರವ್ವ ಅಳಿಸು ಎಂದಿದ್ದಳು. ಇಷ್ಟು ದಿನ ಅಳಿಸದೆ ಇಟ್ಟುಕೊಂಡಿದ್ದು ಕಳ್ಳತನವೇ. ಮನಸ್ಸು ಬದಲಾಯಿಸಿಯಾಳು ಎಂಬ ಆಸೆ ಬಿಡಬೇಕು, ಅವಳ ಕಣ್ಣೆದುರೇ ಅಳಿಸಬೇಕು. ಹೋದರೆ ಹೋಗಲಿ ಪ್ರಾಜೆಕ್ಟು!

ಸಕ್ರವ್ವನ ಅಂಗಳದಲ್ಲಿ ಆಗಲೇ ಒಂದು ಬೈಕು ನಿಂತಿತ್ತು. ಕಟ್ಟೆಯ ಮೇಲೆ ದುರ್ಗೇಶ ಹಾರ್ಡ್ ಡಿಸ್ಕ್, ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದ.

"ನೀವ್ಯಾಕ ಬಂದ್ರಿ ಇಲ್ಲಿ?"

"ನನ್ನ ಕಡೆ ಇರೋ ಫೈಲ್ ಯಕ್ಕನ ಮುಂದ ಅಳಸಾಕ ಬಂದೀನ್ರಿ. ನೀವ್ಯಾಕ ಬಂದ್ರಿ?"

"ನಾನೂ ಅದಕ್ಕ ಬಂದೀನಿ!"

"ಮತ್ತ ನನ್ನ ಮ್ಯಾಲ ಯಾಕ ಒದರ್ತೀರಿ?"

"ಒದರ್ತೀನಿ! ನಮ್ಮಪ್ಪಗ ಹೇಳೂದಕ್ಕಿಂತ ಮೊದ್ಲ ನನ್ನ ಕೇಳಬೇಕಿತ್ತು ನೀವು!"

"ತಪ್ಪಾತ್ರಿ! ಮನಿಯಾಗ ಹೇಳಿಲ್ಲ ಅಂತ ನೀವು ನನಗ ಹೇಳಬೇಕಿತ್ತು! ನಿಮ್ಮ ಮುಖ ಬದಲು ಮಾಡು ಅಂದ್ರ ನನ್ನ ಕೈಲೆ ಆಗೂದಿಲ್ರಿ! ಆ ಮುಖದಾಗ ಏನು ಕಡಿಮಿ ಐತಿ ಅಂತ ಮಾಡ್ಲಿ?"

ಅಂದವನೇ ಬೆಚ್ಚಿ ಬಾಯಿ ಮುಚ್ಚಿಕೊಂಡ.

"ಮುಗೀತೇನು ನಿಮ್ಮ ಜಗಳಾ?" ಬಾಗಿಲಲ್ಲಿ ಸಕ್ರವ್ವ ನಿಂತಿದ್ದಳು. "ಲಗ್ನ ಆಗಿ ಹತ್ತು ವರ್ಷ ಆದವರಂಗ ಕಚ್ಚಾಡ್ತೀರಿ. ಅಳಸಾಕ ಬಂದೀರಲ್ಲ, ನಿಂದ್ರರಿ. ಮೊದ್ಲ ಇಬ್ರೂ ಆ ಕಟ್ಟಿ ಮ್ಯಾಲ ಕುಂದ್ರರಿ."

"ಯಾಕ ಯಕ್ಕಾ?"

"ನಾವು ಕುಂತಾಗ ನೀ ನೋಡಿದೆಲ್ಲ. ಈಗ ನೀ ಕುಂದ್ರು, ನಾವು ನೋಡ್ತೀವಿ. ಆ ಮಷಿನ್ ಹುಚ್ಚಪ್ಪನ ಕೈಯಾಗ ಕೊಡು."

ನೀಲಾ ದಂಗಾದಳು. ಇಲ್ಲ ಎನ್ನಲು ಬಾಯಿ ತೆರೆದಳು. ಎಷ್ಟು ಜನರಿಗೆ ಇದೇ ಕೆಲಸವನ್ನು ಎಷ್ಟು ಸುಲಭವಾಗಿ ಹೇಳಿದ್ದೆ, 'ಹತ್ತಿರ ಕುಂದ್ರರಿ, ಆರಾಮ ಇರ್ರಿ'... ಬಾಯಿ ಮುಚ್ಚಿ, ಕ್ಯಾಮೆರಾವನ್ನು ಆಟೋಕ್ಕೆ ಹಾಕಿ, ಹುಚ್ಚಪ್ಪನ ಕೈಗಿಟ್ಟು ಯಾವುದನ್ನು ಒತ್ತಬೇಕೆಂದು ತೋರಿಸಿದಳು.

ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

"ಆಧಾರ್ ಕಾರ್ಡಿಗೆ ತೆಗಸ್ತೀರೇನು?" ಸಕ್ರವ್ವ ರೇಗಿದಳು. "ಸರೀರಿ!"

ನೀಲಾ ಸರಿದಳು. ತೋಳಿಗೆ ತೋಳು ತಾಗಿತು. ಅವಳಿಗೆ ಮೈಯೆಲ್ಲ ಬಿಸಿಯಾಗಿ, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಹುಚ್ಚಪ್ಪ ಕ್ಯಾಮೆರಾ ಎತ್ತಿದ. ಆ ಕಪ್ಪು ಗಾಜು ಅವಳನ್ನೇ ನುಂಗುವಂತೆ ನೋಡಿತು. ಬೇಲಿಯಾಚೆ ಇಬ್ಬರು ಹೆಂಗಸರು ಕೊಡ ಹೊತ್ತು ನಿಂತುಬಿಟ್ಟಿದ್ದರು.

"ಬ್ಯಾಡಾದ್ರ ಬ್ಯಾಡ ಅನ್ರಿ," ದುರ್ಗೇಶ ಪಿಸುಗುಟ್ಟಿದ. "ನಾ ಎದ್ದು ಹೋಗ್ತೀನಿ."

"ಎದ್ರ ಕಾಲು ಮುರೀತೀನಿ."

ಅವಳು ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು. ಸಿಟ್ಟೆಲ್ಲ ಒಮ್ಮೆಲೇ ಕರಗಿ ಕಣ್ಣಿಂದ ಹರಿಯಿತು. ಅವನು ಅಂಗೈಯಿಂದ ಅವಳ ಕೆನ್ನೆ ಒರೆಸಿದ.

ಕ್ಲಿಕ್.

ಸಕ್ರವ್ವ ಕ್ಯಾಮೆರಾದ ಪರದೆಯನ್ನು ಬಹಳ ಹೊತ್ತು ನೋಡಿದಳು.

"ಈಗ ಗೊತ್ತಾತಿಲ್ಲೋ?"

"ಸುಡ್ತೈತಿ ಯಕ್ಕಾ. ಮೈ ಎಲ್ಲಾ ಸುಡ್ತೈತಿ."

"ನನಗೂ ಹಂಗ ಸುಟ್ಟಿತ್ತು. ಆದ್ರೂ ಕುಂತಿದ್ನಿ, ನೀ ಚಲೋ ಹುಡುಗಿ ಅಂತ." ಸಕ್ರವ್ವನ ದನಿ ಮೊದಲ ಸಲ ಮೆತ್ತಗಾಯಿತು. "ನಮ್ಮ ಫೋಟೋ ಹಾಕು. ಗಾಯ ಕಾಣ್ಲಿ, ಬರೀ ಕೊಳ್ಳು ಕಾಣ್ಲಿ. ಆದ್ರ ಬಾಜೂಕ ಈ ಫೋಟೋನೂ ಹಾಕಬೇಕು. ಮಂದಿ ನಮ್ಮನ್ನ ನೋಡಿದಂಗ ನಿಮ್ಮನ್ನೂ ನೋಡ್ಲಿ. ಆಗೂದಿಲ್ಲಂದ್ರ ಎರಡೂ ಅಳಸು."

ದುರ್ಗೇಶ ಗಾಬರಿಯಾದ. "ಅವರ ಮನಿಯಾಗ ಆಗೂದಿಲ್ಲ ಯಕ್ಕಾ. ಅವರಪ್ಪಾರು ನೋಡಿದ್ರ ಏನಾಗ್ತೈತಿ? ನಾ ಯಾರು, ಅವರು ಯಾರು... ಬ್ಯಾಡ, ಅಳಿಸಿಬಿಡೂಣು."

"ನನ್ನ ಪರವಾಗಿ ನೀವ್ಯಾಕ ಉತ್ತರಾ ಕೊಡ್ತೀರಿ?" ನೀಲಾ ಸರ್ರನೆ ತಿರುಗಿದಳು. "ಕೂಲಿಯವರ ಮಗಾ ಅಂತ ಅಂಜಿಕ್ಯಾ? ನಿಮಗ ಮನಸಿಲ್ಲಂದ್ರ ನಿಮ್ಮದು ಹೇಳ್ರಿ!"

"ನನಗ ಮನಸೈತ್ರಿ!" ಅವನೂ ಕೂಗಿಯೇ ಹೇಳಿದ.

"ಹಂಗಾದ್ರ ಹಾಕ್ತೀನಿ!"

ಹುಚ್ಚಪ್ಪ ಅಂದಿನವರೆಗೆ ಅವರೆದುರು ನಕ್ಕಿರಲಿಲ್ಲ. ಈಗ ಬಿದ್ದು ಬಿದ್ದು ನಕ್ಕ.

ಗದಗಿನ ಕಾಲೇಜಿನ ಹಾಲಿನಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಪ್ರಭುಲಿಂಗಪ್ಪ ಬಿಳಿ ಅಂಗಿ, ಧೋತರ, ಟೊಪ್ಪಿಗೆ ತೊಟ್ಟು ಬಂದರು. ಜೊತೆಗೆ ಗೌರವ್ವ. ಅವರು ಒಂದೊಂದೇ ಫೋಟೋದ ಮುಂದೆ ಹಲ್ಲು ಕಚ್ಚಿ ನಿಂತು ಮುಂದೆ ಸಾಗಿದರು. ಜಂಗ್ಲಿಸಾಬನ ಗಡ್ಡದ ಎದುರು ಮಾತ್ರ ಗೌರವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಸಕ್ರವ್ವನ ಫೋಟೋದ ಎದುರು ಪ್ರಭುಲಿಂಗಪ್ಪ ಬಹಳ ಹೊತ್ತು ನಿಂತರು. ಆ ಗಾಯ, ಆ ತುಟಿ, ಆ ಮುಚ್ಚಿದ ಕಣ್ಣು...

ಪಕ್ಕದ ಫೋಟೋಕ್ಕೆ ತಿರುಗಿದರು. ಮಗಳು. ಅಳುತ್ತಿರುವ ಮಗಳು. ಅವಳ ಕೆನ್ನೆಯ ಮೇಲೆ ಸ್ಟುಡಿಯೋದ ಹುಡುಗನ ಕೈ.

"ತೆಗಿ ಇದನ್ನ."

"ತೆಗದ್ರ ಎರಡೂ ತೆಗೀಬೇಕು ಅಪ್ಪಾ. ಹಂಗಂತ ಮಾತು ಕೊಟ್ಟೀನಿ." ನೀಲಾ ಪಕ್ಕಕ್ಕೆ ಕೈ ತೋರಿಸಿದಳು. "ಈಕಿಗೆ."

ಸಕ್ರವ್ವ ಹೊಸ ಇಳಕಲ್ ಸೀರೆ ಉಟ್ಟು, ಬರಿಗೊರಳಲ್ಲಿ, ಹುಚ್ಚಪ್ಪನ ಪಕ್ಕ ನಿಂತಿದ್ದಳು. ಪ್ರಭುಲಿಂಗಪ್ಪನವರ ಕಣ್ಣು ಅವಳ ಕುತ್ತಿಗೆಗೆ ಹೋಗಿ, ಅಲ್ಲಿಂದ ನೆಲಕ್ಕೆ ಇಳಿಯಿತು. ಆ ಹೆಂಗಸಿನ ಮುಖಕ್ಕೆ 'ನಿನ್ನದನ್ನು ತೆಗೆಸುತ್ತೇನೆ' ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ.

"ಆಕಿ ನಿಮ್ಮ ಮಗಳಲ್ಲೇನ್ರಿ?" ಸಕ್ರವ್ವ ಕೇಳಿದಳು. "ಮಾತಿಗೆ ತಪ್ಪದಂಗ ಬೆಳಸೀರಿ ಬಿಡ್ರಿ."

ಪ್ರಭುಲಿಂಗಪ್ಪ ದಡದಡ ಮೆಟ್ಟಿಲಿಳಿದು ಹೋದರು. ಕಾರಿನ ಬಾಗಿಲು ಬಡಿದ ಸದ್ದು ಒಳಗಿನವರೆಗೂ ಕೇಳಿಸಿತು.

ದುರ್ಗೇಶ ಕಂಬದ ಮರೆಯಿಂದ ಬಂದ. ಹೊಸ ಅಂಗಿ, ಕಿವಿ ಕೆಂಪು.

"ಹೋದ್ರೇನ್ರಿ?"

ನೀಲಾ ಕಿಟಕಿಯಿಂದ ಬಗ್ಗಿ ನೋಡಿದಳು. "ಇಲ್ಲ. ಕಾರಿನಾಗ ಕುಂತಾರ. ಸಿಟ್ಟಿಲೆ ಕುಂತಾರ."

"ನೀವು?"

"ನಾನೂ ಸಿಟ್ಟಿನಾಗ ಅದೀನಿ."

"ಈಗ ಏನು ಮಾಡಿದ್ನಿರಿ ನಾನು?"

"ಏನೂ ಮಾಡಿಲ್ಲ, ಅದಕ್ಕ! ಇಷ್ಟು ಮಂದಿ ಮುಂದ ನಿಮ್ಮ ಹೆಗಲಿಗೆ ತಲಿ ಇಟ್ಟು ಗ್ವಾಡಿ ಮ್ಯಾಲ ನೇತಾಡಾಕತ್ತೀನಿ. ನೀವು ಬಾಯಿ ಬಿಟ್ಟು ಒಂದು ಮಾತು ಹೇಳಿಲ್ಲ ನನಗ."

ಅವನು ಸುತ್ತ ನೋಡಿದ. ಹಾಲಿನ ತುಂಬ ಜನ. ಸಕ್ರವ್ವ ಕಿವಿ ಇತ್ತಲೇ ಇಟ್ಟಿದ್ದಳು.

"ನೀವಂದ್ರ ನನಗ ಭಾಳ ಜೀವ ರೀ... ಅವತ್ತು ಟೇಬಲ್ ಬಡಿದ್ರಲ್ಲ, ಆವತ್ತಿಂದ."

ನೀಲಾಳ ಸಿಟ್ಟಿನ ಮುಖ ತುಟಿಯ ತುದಿಯಲ್ಲಿ ಸೋತಿತು.

"ಜೀವ ಅಂತಿ, ಮತ್ತ ರೀ ಅಂತಿ. ನನಗೊಂದು ಹೆಸರೈತಿ."

"ನೀಲಾ..."

"ಹೂಂ."

"ನಾ ಕೆಳಗ ಹೋಗಿ ನಿಮ್ಮಪ್ಪಾರ ಕೂಡ ಮಾತಾಡ್ಲೇನು? ನೀ ಬ್ಯಾಡಂದ್ರ ಹೋಗಂಗಿಲ್ಲ."

ಅವಳು ಎಲ್ಲರೆದುರೇ ಅವನ ಕೈ ಹಿಡಿದಳು.

"ಇಬ್ರೂ ಹೋಗೂಣು, ಬಾ. ಬೈದ್ರ ಇಬ್ರೂ ಬೈಸ್ಕೊಳ್ಳೂಣು."